ಸ್ಮೂದಿ ವಿಷಯಕವಾಗಿ ಒಂದು ತಜ್ಞ ಟಿಪ್ಪಣಿ

ನಿವೃತ್ತನಾದ ಮೂರನೆಯ ತಿಂಗಳಿಗೆ ನಾನು ಸ್ಮೂದಿ ತಜ್ಞನಾದೆ. ಅದಕ್ಕೆ ಮುಂಚಿನ ಎರಡು ತಿಂಗಳು ವಾಕಿಂಗ್ ತಜ್ಞನಾಗಿದ್ದೆ, ಮೊಣಕಾಲು ಸಹಕರಿಸಲಿಲ್ಲ. ಮೂವತ್ತೊಂದು ವರ್ಷ ಸರ್ಕಾರದ ಒಂದು ಕಚೇರಿಯಲ್ಲಿ ಕಡತ ಮಂಡಿಸಿದವನಿಗೆ ಹೊಸ ವಿಷಯದಲ್ಲಿ ತಜ್ಞನಾಗಲು ಬಹಳ ದಿನ ಹಿಡಿಯುವುದಿಲ್ಲ. ಕೆರೆಯ ಮುಖ ನೋಡದೆ ಕೆರೆಯ ಕಡತ, ಸೇತುವೆ ಎಲ್ಲಿದೆಯೆಂದು ತಿಳಿಯದೆ ಸೇತುವೆಯ ಕಡತ ವಿಲೇವಾರಿ ಮಾಡಿದವನು ನಾನು. ಒಂದು ಲೋಟ ಸ್ಮೂದಿ ಯಾವ ಲೆಕ್ಕ.

ಪ್ರಕರಣದ ಹಿನ್ನೆಲೆ ಹೀಗಿದೆ. ಬೇಸಿಗೆಯಲ್ಲಿ ಮಗ ಸೊಸೆ ಬೆಂಗಳೂರಿನಿಂದ ಮೈಸೂರಿಗೆ ಬಂದವರು ನಮ್ಮನ್ನೆಲ್ಲ ಒಂದು ಮಾಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಮುಂದೆ ಒಂದು ಎತ್ತರದ ಗಾಜಿನ ಲೋಟ ಬಂತು. ಒಳಗಿದ್ದುದರ ಬಣ್ಣ ಮಳೆಗಾಲದ ಕಾವೇರಿಯದು. ಬೆಲೆ ಇನ್ನೂರ ನಲವತ್ತು ರೂಪಾಯಿ, ತೆರಿಗೆ ಬೇರೆ. ನನ್ನ ಅಂದಾಜಿಗೆ ಅದರಲ್ಲಿದ್ದದ್ದು ಒಂದೂವರೆ ಸಪೋಟ, ಎರಡು ಗುಂಡು ಐಸ್‌ಕ್ರೀಂ, ಒಂದು ಸೌಟು ಹಾಲು. ಹೀರಲು ಕಾಗದದ ಸ್ಟ್ರಾ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದೆ. ನಿಷೇಧ ಜಾರಿಯಲ್ಲಿದೆ ಎಂಬುದಕ್ಕೆ ನಾನೇ ಸಾಕ್ಷಿ, ಯಾಕೆಂದರೆ ನಾಲ್ಕನೇ ಗುಟುಕಿಗೆ ಸ್ಟ್ರಾ ನೆನೆದು ಶ್ಯಾವಿಗೆಯಾಯಿತು. ಉಳಿದದ್ದನ್ನು ಚಮಚದಲ್ಲಿ ತಿಂದು ಮುಗಿಸಿ, "ಇದನ್ನ ಮನೇಲೇ ಮಾಡಬಹುದು" ಎಂದೆ.

ನಮ್ಮಾಕೆ, "ಯಾರು?" ಎಂದಳು.

ಆ ಒಂದು ಪದದ ಆಕ್ಷೇಪಣೆಗೆ ಉತ್ತರವಾಗಿ ಈ ಟಿಪ್ಪಣಿಯನ್ನು ಸಲ್ಲಿಸಲಾಗಿದೆ.

ಮೊದಲು ವ್ಯಾಖ್ಯೆ. ಸ್ಮೂದಿಗೂ ಮಿಲ್ಕ್‌ಶೇಕ್‌ಗೂ ಏನು ವ್ಯತ್ಯಾಸ ಎಂಬುದು ಇತ್ಯರ್ಥವಾಗದೆ ಮುಂದೆ ಹೋಗುವಂತಿಲ್ಲ. ದೇವರಾಜ ಮಾರುಕಟ್ಟೆಯ ಹತ್ತಿರದ ಒಂದು ಜ್ಯೂಸ್ ಅಂಗಡಿಯಲ್ಲಿ ವಿಚಾರಣೆ ನಡೆಸಿದೆ. ಅಂಗಡಿಯವನು ಜಾರಿನಿಂದ ಕಣ್ಣು ಕೀಳದೆ ಹೇಳಿದ: "ಸ್ಟ್ರಾ ನೆಟ್ಟಗೆ ನಿಂತ್ರೆ ಸ್ಮೂದಿ ಸಾರ್. ವಾಲಿದ್ರೆ ಮಿಲ್ಕ್‌ಶೇಕ್. ಬಿದ್ದೋದ್ರೆ ಜ್ಯೂಸ್." ಇಷ್ಟು ಖಚಿತವಾದ ವ್ಯಾಖ್ಯೆಯನ್ನು ನಾನು ಯಾವ ಅಧಿನಿಯಮದಲ್ಲೂ ಓದಿಲ್ಲ. ಮಡಿವಂತರಾದ ಕೆಲವರು, ಐಸ್‌ಕ್ರೀಂ ಬಿದ್ದರೆ ಅದು ಸ್ಮೂದಿಯೇ ಅಲ್ಲ, ಮೊಸರು ಓಟ್ಸು ಹಾಕಿದ್ದು ಮಾತ್ರ ಸ್ಮೂದಿ ಎನ್ನುತ್ತಾರೆ. ಅಂಥವರೊಬ್ಬರ ಮನೆಯಲ್ಲಿ ಒಮ್ಮೆ ಕುಡಿದಿದ್ದೇನೆ. ಅವರು ಒಳ್ಳೆಯವರು, ಅಷ್ಟು ಮಾತ್ರ ಹೇಳಬಲ್ಲೆ.

ಕನ್ನಡದಲ್ಲಿ ಇದಕ್ಕೊಂದು ಹೆಸರು ಬೇಕಲ್ಲ ಎಂದು ಮೂರು ದಿನ ಕೂತೆ. 'ನುಣ್ಪಾನ', 'ಹಣ್ಗೆನೆ', 'ಫಲಕ್ಷೀರಹಿಮ' ಎಂಬ ಮೂರನ್ನು ಅಂತಿಮಗೊಳಿಸಿ ಮನೆಯವರ ಮುಂದೆ ಮಂಡಿಸಿದೆ. ಎಂಬತ್ತಮೂರು ವರ್ಷದ ನಮ್ಮಮ್ಮ ಹೂಬತ್ತಿ ಹೊಸೆಯುತ್ತ ಕೂತಿದ್ದವರು, "ಹಣ್ಣು ಹಿಚುಕಿ ಹಾಲು ಬೆರೆಸೋದಕ್ಕೆ ಸೀಕರಣೆ ಅಂತಾರೆ ಕಣೋ" ಎಂದರು. ಸೊಸೆ ಧಾರವಾಡದವಳು. ಅಡುಗೆಮನೆಯಿಂದಲೇ, "ಹೌದ್ರಿ ಅಜ್ಜಿ, ನಮ್ಮಲ್ಲೂ ಸೀಕರಣಿ ಅಂತನ ಅಂತಾರ" ಎಂದು ದನಿಗೂಡಿಸಿದಳು. ಮೈಸೂರೂ ಧಾರವಾಡವೂ ಇಷ್ಟು ಬೇಗ ಒಂದು ಮಾತಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. 1956ರಲ್ಲಿ ಒಂದಾಗುವಾಗಲೂ ಇದಕ್ಕಿಂತ ಹೆಚ್ಚು ಚರ್ಚೆ ನಡೆದಿತ್ತು.

ಹೋಲಿಕೆಯನ್ನು ನಾನು ಒಪ್ಪಲಿಲ್ಲ. ಸೀಕರಣೆಗೆ ಬೇಕಾದದ್ದು ಮಾವಿನ ಹಣ್ಣೋ ಬಾಳೆಹಣ್ಣೋ ಒಂದಿಷ್ಟು, ಹಾಲು, ಬೆಲ್ಲ ಅಥವಾ ಸಕ್ಕರೆ, ಎರಡು ಏಲಕ್ಕಿ. ಕೈಯಲ್ಲಿ ಹಿಚುಕುತ್ತಾರೆ. ಹಸುವಿನ ಹಾಲಿನ ಬದಲು ಕಾಯಿಹಾಲು ಹಾಕಿದರೆ ರಸಾಯನ ಎನ್ನುತ್ತಾರೆ. ಚಪಾತಿಗೆ ಹಚ್ಚಿಕೊಂಡು ತಿನ್ನುತ್ತಾರೆ, ಹೋಳಿಗೆಗೆ ಸುರಿದುಕೊಳ್ಳುತ್ತಾರೆ, ಏನೂ ಇಲ್ಲದಿದ್ದರೆ ಬಟ್ಟಲೆತ್ತಿ ಕುಡಿಯುತ್ತಾರೆ. ಕರೆಂಟು ಬೇಡ, ಸ್ಟ್ರಾ ಬೇಡ, ತಜ್ಞ ಬೇಡ. ಇಂಥ ಅಶಿಸ್ತಿನ ಪದಾರ್ಥವನ್ನು ಸ್ಮೂದಿಯೊಂದಿಗೆ ಸಮೀಕರಿಸುವುದು ಸೂಕ್ತವಲ್ಲ ಎಂದು ಅಭಿಪ್ರಾಯಪಟ್ಟು ಆ ವಿಷಯ ಮುಕ್ತಾಯಗೊಳಿಸಿದೆ. ಅಮ್ಮ ಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಇನ್ನು ಹಣ್ಣು. ನನ್ನ ಮೊದಲ ಪ್ರಯೋಗ ಅನಾನಸಿನದು. ಹಣ್ಣು, ಹಾಲು, ವೆನಿಲ್ಲಾ ಐಸ್‌ಕ್ರೀಂ ಸೇರಿಸಿ ತಿರುಗಿಸಿದ್ದು ಬಂಗಾರದ ಬಣ್ಣಕ್ಕೆ ಬಂದಿತ್ತು. ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಫೋನ್ ಬಂತು; ಪಿಂಚಣಿಯ ವಿಷಯ, ಅರ್ಧ ಗಂಟೆಯಾಯಿತು. ಬಂದು ಬಾಯಿಗಿಟ್ಟರೆ ಹಾಗಲಕಾಯಿ. ಇದಕ್ಕೆ ಕಾರಣವಿದೆ. ಹಸಿ ಅನಾನಸಿನಲ್ಲಿ ಬ್ರೊಮಿಲೇನ್ ಎಂಬ ಕಿಣ್ವವಿದ್ದು, ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತ ಹೋಗುತ್ತದೆ. ಕತ್ತರಿಸಿದ ಚೂರುಗಳೇ ಕಹಿ. ಪರಂಗಿಹಣ್ಣಿನಲ್ಲಿ ಪಪೇನ್, ಕಿವಿಹಣ್ಣಿನಲ್ಲಿ ಆಕ್ಟಿನಿಡಿನ್ ಎಂಬ ಇದೇ ಕಸುಬಿನ ಕಿಣ್ವಗಳಿವೆ. ಬೇಯಿಸಿದರೆ ಮೂರೂ ಸಾಯುತ್ತವೆ. ಇದನ್ನೆಲ್ಲ ವಿವರಿಸಿದಾಗ ನಮ್ಮಾಕೆ, "ಅದಕ್ಕೇ ಅಲ್ವಾ ಅನಾನಸನ್ನ ಗೊಜ್ಜು ಮಾಡೋದು, ಕುದಿಸಿ. ಈಗ ಇದನ್ನ ಕುಡಿಯೋರು ಯಾರು?" ಎಂದಳು. ಸಾರ್ವಜನಿಕ ಹಣ ಪೋಲಾಗಬಾರದೆಂಬ ತತ್ವದ ಮೇಲೆ ಮೂರು ಲೋಟವನ್ನೂ ನಾನೇ ಕುಡಿದೆ.

ಎರಡನೆಯದು ಮೋಸಂಬಿ. ಹುಳಿ ಒಂದು ಮಟ್ಟ ಮುಟ್ಟಿದ ಕೂಡಲೇ, ಅಂದರೆ ಪಿಎಚ್ ಅಂಕ 4.6ರ ಹತ್ತಿರ ಬಂದಾಗ, ಹಾಲಿನ ಕೇಸೀನ್ ಒಡೆದು ಗಟ್ಟಿಯಾಗುತ್ತದೆ. ನನಗೆ ಸ್ಮೂದಿ ಸಿಗಲಿಲ್ಲ, ಪನೀರು ಸಿಕ್ಕಿತು. ಅಂದು ರಾತ್ರಿಯ ಪಾಲಕ್ ಪಲ್ಯ ಒಂಥರಾ ಸಿಹಿಯಾಗಿತ್ತು. ಈ ಎರಡು ಘಟನೆಗಳಿಗೂ ಸಂಬಂಧವಿದೆಯೇ ಎಂದು ಯಾರೂ ನನಗೆ ತಿಳಿಸಿಲ್ಲ. ಹುಳಿ ಹಣ್ಣೂ ಹಾಲೂ ಕೂಡದು, ಅದು ವಿರುದ್ಧಾಹಾರ ಎಂದು ಚರಕ ಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲೇ ಇದೆ ಎಂದು ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಹೇಳಿದರು. ಚರಕರ ಕಾಲದಲ್ಲಿ ಫ್ರಿಜ್ ಇರಲಿಲ್ಲ ಎಂದು ಉತ್ತರಿಸಿದೆ. ಅದು ಉತ್ತರವಲ್ಲ ಎಂದು ಆಮೇಲೆ ಹೊಳೆಯಿತು. ಆದರೆ ಅವರೂ ಒಳಗೆ ಹೋಗಿಬಿಟ್ಟಿದ್ದರು.

ಬಾಳೆಹಣ್ಣಿನಲ್ಲಿ ಪಚ್ಚಬಾಳೆ ಅಡ್ಡಿಯಿಲ್ಲ, ಕೆನೆಗಟ್ಟಿ ಬರುತ್ತದೆ, ಆದರೆ ಕಾಲು ಗಂಟೆ ಬಿಟ್ಟರೆ ಕಂದುಗಟ್ಟಿ ನೋಡುವ ಹಾಗಿರುವುದಿಲ್ಲ. ನಂಜನಗೂಡಿನ ರಸಬಾಳೆ ಭೌಗೋಳಿಕ ಗುರುತು ಪಡೆದ ಹಣ್ಣು, ಸೊರಗು ರೋಗಕ್ಕೆ ಸಿಕ್ಕಿ ಅಪರೂಪವಾದದ್ದು. ಅದನ್ನು ಮಿಕ್ಸಿಗೆ ಹಾಕುವವರ ಮೇಲೆ ಯಾವ ಕಲಮಿನಡಿ ಕ್ರಮ ಜರುಗಿಸಬಹುದೆಂದು ಹುಡುಕುತ್ತಿದ್ದೇನೆ. ಮಾವಿನ ವಿಷಯದಲ್ಲಿ ನನ್ನದು ಬಿಗಿ ನಿಲುವು. ಬಾದಾಮಿ, ರಸಪುರಿ, ಮಲ್ಲಿಕಾ ಇವು ಮೊಣಕೈವರೆಗೂ ರಸ ಇಳಿಸಿಕೊಂಡು ತಿನ್ನಬೇಕಾದವು. ಅವನ್ನು ಲೋಟಕ್ಕೆ ಇಳಿಸುವುದು ಹಿರಿಯ ಅಧಿಕಾರಿಯನ್ನು ಟಪಾಲು ವಿಭಾಗಕ್ಕೆ ಹಾಕಿದ ಹಾಗೆ.

ಹೀಗೆ ಎಲ್ಲರನ್ನೂ ಕೈಬಿಟ್ಟ ಮೇಲೆ ಉಳಿದದ್ದು ಸಪೋಟ. ನೋಡಲು ಆಲೂಗಡ್ಡೆಯಂತಿದ್ದು ಯಾವ ಹಣ್ಣಿನ ಬುಟ್ಟಿಯಲ್ಲೂ ಎದ್ದು ಕಾಣದ, ಆದರೆ ಐಸ್‌ಕ್ರೀಮಿನ ಜೊತೆ ಸೇರಿದಾಗ ಬೆಲ್ಲವನ್ನು ತುಪ್ಪದಲ್ಲಿ ಕಾಯಿಸಿದ ಹಾಗೆ ಘಮಗುಡುವ ಹಣ್ಣು ಇದೊಂದೇ. ಹೆಸರಿನ ಬಗ್ಗೆ ಮಾತ್ರ ಮನೆಯಲ್ಲಿ ವಿವಾದ ಎದ್ದಿತು. "ಮಾವಾರ, ಇದಕ್ಕ ನಮ್ ಕಡೆ ಚಿಕ್ಕು ಅಂತಾರ್ರಿ" ಎಂದಳು ಸೊಸೆ. ಮೈಸೂರಿನ ಪರವಾಗಿ ವಾದಿಸಲು ಗ್ರಂಥ ತೆರೆದು ನಾನೇ ಸಿಕ್ಕಿಬಿದ್ದೆ. ಈ ಮರ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ್ದು. ಅದರ ಕಾಂಡಕ್ಕೆ ಕಚ್ಚು ಹಾಕಿದರೆ ಒಸರುವ ಹಾಲಿಗೆ ಅಲ್ಲಿ ಚಿಕ್ಲ್ ಎನ್ನುತ್ತಾರೆ. ಒಂದು ಕಾಲಕ್ಕೆ ಚೂಯಿಂಗ್ ಗಮ್ ತಯಾರಾಗುತ್ತಿದ್ದದ್ದು ಅದರಿಂದಲೇ. ಚಿಕ್ಕು ಎಂಬ ಹೆಸರು ಬಂದದ್ದೂ ಅಲ್ಲಿಂದ. ಧಾರವಾಡಕ್ಕೆ ಜಯವಾಯಿತು. ಚೂಯಿಂಗ್ ಗಮ್ಮಿನ ಸಂಗತಿಯನ್ನು ಊಟದ ಹೊತ್ತಿನಲ್ಲಿ ವಿಸ್ತಾರವಾಗಿ ಹೇಳುತ್ತಿದ್ದಾಗ ನಮ್ಮಾಕೆ, "ಅದೇ ಹಣ್ಣು ದಿನಾ ತಿಂದು ನಿಮ್ಮ ಮಾತೂ ಹಾಗೇ ಆಗಿದೆ" ಎಂದಳು.

ಹಣ್ಣನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತವೆ. ದುಂಡಗೆ ಮುಷ್ಟಿ ತುಂಬ ಬರುವ 'ಕ್ರಿಕೆಟ್ ಬಾಲ್' ತಳಿ ನೋಡಲು ಧಾರಾಳ, ನಾಲಿಗೆಗೆ ಮರಳು ಮರಳು. ಮೊಟ್ಟೆಯಾಕಾರದ 'ಕಾಲಿಪತ್ತಿ' ಗಾತ್ರದಲ್ಲಿ ಚಿಕ್ಕದು, ಸಿಹಿಯಲ್ಲಿ ದೊಡ್ಡದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಎಚ್‌ಎಸ್-1, ಡಿಎಚ್‌ಎಸ್-2 ಎಂದು ಎರಡು ಸಂಕರ ತಳಿ ಮಾಡಿದ್ದಾರೆ. ಇದನ್ನು ಸೊಸೆಯ ಮುಂದೆ ನಾನು ಹೇಳಲು ಹೋಗಲಿಲ್ಲ. ಹಣ್ಣಾಗಿದೆಯೇ ಎಂದು ತಿಳಿಯಲು ಉಗುರಿನಿಂದ ಸಿಪ್ಪೆಯನ್ನು ಕೊಂಚ ಕೆರೆಯಬೇಕು. ಒಳಗೆ ಹಸಿರು ಕಂಡರೆ ಇನ್ನೂ ಕಾಯಿ. ಕೆರೆದಿದ್ದನ್ನು ಅಂಗಡಿಯವನು ಕಂಡರೆ ಹಣ್ಣೋ ಕಾಯೋ, ಅದು ನಿಮ್ಮದು. ಕಾಯನ್ನು ಸ್ಮೂದಿಗೆ ಹಾಕಿದರೆ ಒಗರು ನಾಲಿಗೆಯನ್ನು ಹಿಡಿದುಕೊಂಡು ಅರ್ಧ ದಿನ ಬಿಡುವುದಿಲ್ಲ. ನಾನು ಹಾಕಿ ನೋಡಿದ್ದೇನೆ. ಆ ಅರ್ಧ ದಿನ ನಮ್ಮ ಮನೆ ಬಹಳ ನೆಮ್ಮದಿಯಿಂದ ಇತ್ತು ಎಂದು ಅಮ್ಮ ಈಗಲೂ ನೆನೆಸಿಕೊಳ್ಳುತ್ತಾರೆ. ಕಾಯಿ ತಂದುಬಿಟ್ಟಿದ್ದರೆ ಅಕ್ಕಿ ಡಬ್ಬದಲ್ಲಿ ಹುದುಗಿಸಿ ಮೂರ್ನಾಲ್ಕು ದಿನ ಮರೆಯಬೇಕು. ಹಣ್ಣು ತಾನೇ ಬಿಡುವ ಎಥಿಲೀನ್ ಅನಿಲ ಡಬ್ಬದಲ್ಲೇ ಉಳಿದು ಹಣ್ಣಾಗಿಸುತ್ತದೆ. ನಾನು ಹನ್ನೊಂದು ದಿನ ಮರೆತೆ. ಆ ಅಕ್ಕಿಯ ವಿಷಯ ಈ ಟಿಪ್ಪಣಿಯ ವ್ಯಾಪ್ತಿಗೆ ಬರುವುದಿಲ್ಲ.

ಬೀಜದ ಬಗ್ಗೆ ಎಚ್ಚರ. ಸಪೋಟದ ಬೀಜ ಕಪ್ಪಗೆ, ಹೊಳೆಯುತ್ತ, ಚಪ್ಪಟೆಯಾಗಿ ಚಂದವಾಗಿಯೇ ಇರುತ್ತದೆ, ಆದರೆ ಒಂದು ತುದಿಯಲ್ಲಿ ಸಣ್ಣ ಕೊಕ್ಕೆಯಿದೆ. ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ. ಮಿಕ್ಸಿಗೆ ಬಿದ್ದರೆ ಕಹಿ, ಮೇಲೆ ಬ್ಲೇಡಿಗೂ ಒಳ್ಳೆಯದಲ್ಲ. ಆದ್ದರಿಂದ ನಾನು ಒಂದು ಪದ್ಧತಿ ರೂಪಿಸಿದ್ದೇನೆ: ತೆಗೆದ ಬೀಜಗಳನ್ನೆಲ್ಲ ಒಂದು ಸ್ಟೀಲ್ ತಟ್ಟೆಯಲ್ಲಿ ಹಾಕಿ, ಎಣಿಸಿ, ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವುದು. ಕಚೇರಿಯಲ್ಲಿ ದಾಸ್ತಾನು ವಹಿ ಇಟ್ಟವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ. ಮನೆಯವರು ನಕ್ಕರು. ಪದ್ಧತಿ ಜಾರಿಯಲ್ಲಿದೆ.

ಹಣ್ಣನ್ನು ಸುಲಿದು ಹೋಳು ಮಾಡಿ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ ಕಲ್ಲಾಗಲು ಬಿಟ್ಟರೆ ಐಸ್ ತುಂಡು ಹಾಕುವ ಅಗತ್ಯವಿಲ್ಲ. ಐಸ್ ಕರಗಿ ನೀರಾಗುತ್ತದೆ, ಹಣ್ಣು ಕರಗಿದರೂ ಹಣ್ಣೇ. ಆದರೆ ಡಬ್ಬದ ಮೇಲೆ ಚೀಟಿ ಅಂಟಿಸಿ. ಹೆಪ್ಪುಗಟ್ಟಿದ ಸಪೋಟದ ಹೋಳು ನೋಡಲು ಥೇಟ್ ಬೆಲ್ಲದ ಚೂರು. ಅಮ್ಮ ಎರಡನ್ನು ಸಾರಿಗೆ ಹಾಕಿದರು.

ಈಗ ಐಸ್‌ಕ್ರೀಂ. ಇಲ್ಲಿ ಓದುಗರು ಕನ್ನಡಕ ಹಾಕಿಕೊಳ್ಳಬೇಕು. ಅಂಗಡಿಯ ಫ್ರೀಜರಿನಲ್ಲಿ ಒಂದೇ ಬಣ್ಣದ, ಒಂದೇ ಗಾತ್ರದ ಎರಡು ಡಬ್ಬ ಅಕ್ಕಪಕ್ಕ ಕೂತಿರುತ್ತವೆ. ಒಂದರ ಮೇಲೆ ಐಸ್‌ಕ್ರೀಂ ಎಂದಿರುತ್ತದೆ, ಇನ್ನೊಂದರ ಮೇಲೆ ಇರುವೆಯ ಕಾಲಿನಷ್ಟು ಅಕ್ಷರದಲ್ಲಿ ಫ್ರೋಜನ್ ಡೆಸರ್ಟ್ ಎಂದು. ಎರಡನೆಯದರಲ್ಲಿ ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಜನ್ಯ ಎಣ್ಣೆ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಬರಿಯ ಐಸ್‌ಕ್ರೀಂ ಎಂದು ಕರೆಸಿಕೊಳ್ಳಬೇಕಾದರೆ ಕನಿಷ್ಠ ಶೇ. 10ರಷ್ಟು ಹಾಲಿನ ಕೊಬ್ಬಿರಬೇಕು. ಒಂದು ಲೀಟರಿನ ತೂಕ 525 ಗ್ರಾಮಿಗಿಂತ ಕಡಿಮೆ ಇರಬಾರದು. ಈ ಎರಡನೆಯ ವಾಕ್ಯವನ್ನು ಓದುಗರು ಇನ್ನೊಮ್ಮೆ ಓದಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಒಂದು ಲೀಟರ್ ಐಸ್‌ಕ್ರೀಂ ಅರ್ಧ ಕಿಲೋ ದಾಟಿದರೆ ಸಾಕು. ಮಿಕ್ಕದ್ದು ಗಾಳಿ. ಕಾನೂನುಬದ್ಧ ಗಾಳಿ. ಡಬ್ಬವನ್ನು ಕರಗಲು ಬಿಟ್ಟು ನೋಡಿದೆ, ತುಂಬಿದ್ದದ್ದು ಅರ್ಧಕ್ಕೆ ಇಳಿಯಿತು. ಕದ್ದು ತಿಂದಿದ್ದಾನೆಂದು ಮಗನನ್ನು ಅನುಮಾನಿಸಿದ್ದಕ್ಕೆ ವಿಷಾದ ವ್ಯಕ್ತಪಡಿಸಿದ್ದೇನೆ.

ಐಸ್‌ಕ್ರೀಂ ಎಷ್ಟು ಹಾಕಬೇಕು ಎಂಬುದಕ್ಕೆ ನನ್ನ ಬಳಿ ಅಂಕಿಅಂಶವಿದೆ. ಒಂದು ಗುಂಡು ಹಾಕಿದ ದಿನ "ಪರವಾಗಿಲ್ಲ" ಎಂದರು. ಎರಡು ಹಾಕಿದ ದಿನ "ಚೆನ್ನಾಗಿದೆ". ಮೂರು ಹಾಕಿದ ದಿನ ನಮ್ಮಾಕೆ, "ಕಲ್ತುಬಿಟ್ರಿ" ಎಂದಳು. ನಾಲ್ಕು ಹಾಕಿದ ದಿನ ಗಡಿಬಿಡಿಯಲ್ಲಿ ಸಪೋಟ ಹಾಕುವುದನ್ನೇ ಮರೆತಿದ್ದೆ. ಅಂದು ಎಲ್ಲರೂ ಎರಡನೇ ಲೋಟ ಕೇಳಿದರು, ಹಣ್ಣು ಈ ಸಲ ಬಹಳ ಸಿಹಿಯಾಗಿದೆ ಎಂದು ಅಮ್ಮ ಹೊಗಳಿದರು. ಈ ಫಲಿತಾಂಶವನ್ನು ಅಪವಾದವೆಂದು ಪರಿಗಣಿಸಿ ಕೈಬಿಡಲಾಗಿದೆ.

ಹಾಲಿನ ವಿಷಯ ಎರಡೇ ಮಾತು. ಪ್ಯಾಕೆಟ್ ಹಾಲನ್ನು ಕಾಯಿಸದೆ ಮುಟ್ಟುವ ಮನೆ ನಮ್ಮದಲ್ಲ. ಕಾಯಿಸಿದ್ದು ಪೂರ್ತಿ ಆರಿ, ಆಮೇಲೆ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಕೂರಬೇಕು. ಉಗುರುಬೆಚ್ಚಗಿರುವಾಗ ಸುರಿದರೆ ಐಸ್‌ಕ್ರೀಂ ಶರಣಾಗಿ ಎಲ್ಲ ಪಾಯಸವಾಗುತ್ತದೆ. ಕೆನೆಯನ್ನು ಸೋಸಬೇಕು. ಕೆನೆಗಟ್ಟಿ ಸ್ಮೂದಿ ಎಂಬುದಕ್ಕೆ ನಾನು ಅಕ್ಷರಶಃ ಅರ್ಥ ಹಿಡಿದು ಹಾಲಿನ ಕೆನೆ ಸಮೇತ ಹಾಕಿದ್ದೆ. ಮಗನ ಸ್ಟ್ರಾದ ತುದಿಯಲ್ಲಿ ಅದು ಒದ್ದೆ ಕರವಸ್ತ್ರದ ಹಾಗೆ ಜೋತುಬಿದ್ದದ್ದನ್ನು ನೋಡಿ ಅವನ ಹೆಂಡತಿ ಎದ್ದು ಒಳಗೆ ಹೋದಳು.

ಇನ್ನು ಯಂತ್ರ. ಈ ಬಾಬತ್ತಿನ ಇತಿಹಾಸವನ್ನು ಬಲ್ಲವರು ಕಡಿಮೆ. ಲೋಟದ ತಳದಲ್ಲಿ ಬ್ಲೇಡು ತಿರುಗುವ ಬ್ಲೆಂಡರನ್ನು 1922ರಲ್ಲಿ ಅಮೆರಿಕದ ಸ್ಟೀಫನ್ ಪೊಪ್ಲಾವ್‌ಸ್ಕಿ ತಯಾರಿಸಿದ್ದು ಸೋಡಾ ಅಂಗಡಿಗಳಲ್ಲಿ ಮಾಲ್ಟ್ ಹಾಕಿದ ಹಾಲು ಬೆರೆಸಲಿಕ್ಕೆ. ಅಂದರೆ ಅದು ಹುಟ್ಟಿದ್ದೇ ಮಿಲ್ಕ್‌ಶೇಕಿಗಾಗಿ. ನಮ್ಮ ಮಿಕ್ಸಿಯ ವಂಶ ಬೇರೆ. ವಿದೇಶಿ ಮಿಕ್ಸರುಗಳು ನಮ್ಮ ಅಡುಗೆಮನೆಯ ಕೆಲಸಕ್ಕೆ ಸುಟ್ಟುಹೋಗುತ್ತಿದ್ದ ಕಾಲದಲ್ಲಿ, 1963ರಲ್ಲಿ, ಸತ್ಯಪ್ರಕಾಶ್ ಮಾಥುರ್ ಎಂಬ ಎಂಜಿನಿಯರು ಸುಮೀತ್ ಮಿಕ್ಸಿ ತಂದರು. ನೆನೆದ ಉದ್ದು, ಒಣಕೊಬ್ಬರಿ, ಅರಿಶಿನದ ಕೊನೆಗಳನ್ನು ಎದುರಿಸಲು ಸಿದ್ಧವಾದ ಮೋಟಾರು ಅದು. ಖಾಲಿ ಓಡಿದರೆ ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನ ಆಸುಪಾಸು. ಇಂಥದ್ದರಲ್ಲಿ ಮಾಗಿದ ಸಪೋಟವನ್ನು ತಿರುಗಿಸುವುದು ತುಳಸಿಗಿಡ ನೆಡಲು ಜೆಸಿಬಿ ಕರೆಸಿದ ಹಾಗೆ. ಅದಕ್ಕೇ ಕೌಶಲ ಬೇಕು.

ಮೊದಲು ಹಾಲು, ಮೇಲೆ ಹಣ್ಣು, ಕೊನೆಗೆ ಐಸ್‌ಕ್ರೀಂ. ತಿರುವುಮುರುವು ಮಾಡಿದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು, ಮೋಟಾರು ಭೋರ್ಗರೆಯುತ್ತದೆ, ಹಣ್ಣು ಕೂತಲ್ಲೇ ಕೂತಿರುತ್ತದೆ. ಸರ್ಕಾರಿ ಸಭೆಗಳಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಬಿಟ್ಟು ಬಿಟ್ಟು ಮೂರ್ನಾಲ್ಕು ಸಲ ತಿರುಗಿಸಬೇಕು, ಒಟ್ಟು ಅರ್ಧ ನಿಮಿಷ ಸಾಕು. ಹೆಚ್ಚು ಓಡಿಸಿದರೆ ಘರ್ಷಣೆಯ ಶಾಖಕ್ಕೆ ಐಸ್‌ಕ್ರೀಂ ಕರಗಿ, ಸ್ಟ್ರಾ ವಾಲುತ್ತದೆ. ಮಿಕ್ಸಿ ಏಕಾಏಕಿ ನಿಂತುಬಿಟ್ಟರೆ ಎತ್ತಿ ಅಡಿಭಾಗ ನೋಡಿ, ಅಲ್ಲೊಂದು ಪುಟ್ಟ ಕೆಂಪು ಗುಂಡಿ ಇರುತ್ತದೆ. ಹೊರೆ ಹೆಚ್ಚಾದಾಗ ಮೋಟಾರು ಸುಡದ ಹಾಗೆ ಅದು ಕರೆಂಟು ತಪ್ಪಿಸುತ್ತದೆ. ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಈ ಗುಂಡಿ ಇದೆಯೆಂದು ತಿಳಿಯುವ ಮುನ್ನ ನಾನು ರಿಪೇರಿಯವನಿಗೆ ನೂರೈವತ್ತು ರೂಪಾಯಿ ಕೊಟ್ಟಿದ್ದೆ. ಅವನು ಬೆನ್ನು ತಿರುಗಿಸಿ ನಿಂತು ಒಂದೇ ಕ್ಷಣದಲ್ಲಿ ಸರಿಮಾಡಿದ್ದ. ಅವನೂ ತಜ್ಞನೇ.

ಜಾರಿನ ಆಯ್ಕೆಯಲ್ಲಿ ಎಡವಬಾರದು. ಚಟ್ನಿ ಜಾರಿನ ಮುಚ್ಚಳದಲ್ಲಿರುವ ರಬ್ಬರ್ ವಾಷರು ಆ ಮನೆಯ ಅಡುಗೆಯ ಸಮಗ್ರ ಚರಿತ್ರೆಯನ್ನು ಹೀರಿಕೊಂಡಿರುತ್ತದೆ. ಒಮ್ಮೆ ದೊಡ್ಡ ಜಾರು ಸಿಗದೆ ಅದರಲ್ಲೇ ಮಾಡಿದೆ. ಬಣ್ಣ ಹೆಚ್ಚು ಆಕರ್ಷಕವಾಗಿ ಬಂತು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು ಎಂಬುದು ಆಗ ನೆನಪಾಯಿತು. ಹಿಂದಿನಿಂದ ಇಂಗಿನ ಒಂದು ಸುಳಿಯೂ ಇತ್ತು. ಮಾಲ್‌ನಲ್ಲಾಗಿದ್ದರೆ ಇದಕ್ಕೊಂದು ಹೆಸರಿಟ್ಟು ಐವತ್ತು ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಅಧ್ಯಯನದ ನಂತರ ಸಾರ್ವಜನಿಕ ಪ್ರದರ್ಶನಕ್ಕೆ ದಿನ ಗೊತ್ತು ಮಾಡಿದೆ. ಭಾನುವಾರ. ಹಾಸನದಿಂದ ಭಾಮೈದ ಬಂದಿದ್ದ. ಒಂಬತ್ತು ಕಾಲಿಪತ್ತಿ ಹಣ್ಣು ಸುಲಿದು, ಬೀಜ ತೆಗೆದು, ತಟ್ಟೆಯಲ್ಲಿ ಹಾಕಿ, ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದು, ತಟ್ಟೆಯನ್ನು ಮಿಕ್ಸಿಯ ಪಕ್ಕದಲ್ಲೇ ಇಟ್ಟೆ. ಆರು ಜನರಿಗೆ ಒಂದೇ ಸಲಕ್ಕೆ ಆಗಲೆಂದು ಜಾರನ್ನು ಕಂಠಪೂರ್ತಿ ತುಂಬಿದೆ. ನಮ್ಮಾಕೆ ಬಾಗಿಲಿಗೆ ಒರಗಿ ನಿಂತು, "ರೀ, ಮುಚ್ಚಳದ ಮೇಲೆ ಕೈಯಿಡಿ" ಎಂದಳು. ಮೂವತ್ತೈದು ವರ್ಷದಿಂದ ಮಿಕ್ಸಿಯ ಮುಂದೆ ನಿಂತವಳ ಮಾತು ಅನುಭವದ್ದಿರಬಹುದು, ಆದರೆ ಅದಕ್ಕೆ ಶಾಸ್ತ್ರಾಧಾರ ಇದ್ದ ಹಾಗೆ ಕಾಣಲಿಲ್ಲ. ಒಂದು ಕೈಯಲ್ಲಿ ನಾಬು ತಿರುಗಿಸಿ, ಇನ್ನೊಂದರಿಂದ ನೆರೆದವರಿಗೆ ಜಾರಿನೊಳಗಿನ ಸುಳಿಯನ್ನು ತೋರಿಸುತ್ತಿದ್ದೆ.

ಮೊದಲು ಒಳಗಿನಿಂದ ಟಕ ಟಕ ಎಂಬ ಸದ್ದು ಬಂತು. "ಅದೇನು ಭಾವ?" ಎಂದ ಭಾಮೈದ. ಗಟ್ಟಿಯಾದ ಐಸ್ ಕಣಗಳು ಎಂದು ವಿವರಿಸಿದೆ. ಮಿಕ್ಸಿಯ ನಡುಕಕ್ಕೆ ಕಟ್ಟೆಯ ಮೇಲಿನ ತಟ್ಟೆಯೂ ಝಣಝಣ ಎನ್ನುತ್ತಿತ್ತು. ಆಮೇಲೆ ಮುಚ್ಚಳ ಹೋಯಿತು. ಎಲ್ಲಿಗೆ ಎಂದು ನೋಡುವಷ್ಟರಲ್ಲಿ ಒಂದು ಕಂದು ಬಣ್ಣದ ಕಂಬ ಮೇಲೆದ್ದು ಸೀಲಿಂಗಿಗೆ ಬಡಿದು, ಅಲ್ಲಿ ಒಂದು ಗಳಿಗೆ ಯೋಚಿಸಿ, ಅಗಲವಾಗಿ ಕೆಳಗಿಳಿಯಿತು. ಟ್ಯೂಬ್‌ಲೈಟಿನ ಮೇಲೆ, ನನ್ನ ಕನ್ನಡಕದ ಮೇಲೆ, ಒಗ್ಗರಣೆ ಡಬ್ಬಿಯೊಳಗೆ, ಕ್ಯಾಲೆಂಡರಿನ ಮೇಲೆ. ಅಮ್ಮನ ಕೆನ್ನೆಯ ಮೇಲೆ ಒಂದು ತೊಟ್ಟು ಬಿತ್ತು. ಅವರು ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿ, "ಏಲಕ್ಕಿ ಇದ್ದಿದ್ರೆ ಸೀಕರಣೆ ಹಾಗೇ ಇರ್ತಿತ್ತು" ಎಂದರು.

ಜಾರಿನಲ್ಲಿ ಉಳಿದದ್ದು ಎರಡು ಲೋಟದಷ್ಟು. ಒಂದನ್ನು ಅಮ್ಮನಿಗೆ ಕೊಟ್ಟೆವು. ಅವರು ಬಟ್ಟಲಿಗೆ ಸುರಿದು ಚಮಚದಲ್ಲಿ ಮುಗಿಸಿದರು. ಇನ್ನೊಂದು ಭಾಮೈದನಿಗೆ. ಅತಿಥಿಯಲ್ಲವೇ. ಅವನು ಸ್ಟ್ರಾ ಬೇಡವೆಂದು ಗಟಗಟ ಎತ್ತಿದ, ನಡುವೆ ಒಮ್ಮೆ ಕಣ್ಣು ಅಗಲ ಮಾಡಿದ, ಎದೆ ನೀವಿಕೊಂಡ, ಆಮೇಲೆ "ಚೆನ್ನಾಗಿತ್ತು ಭಾವ" ಎಂದು ಲೋಟ ಕೆಳಗಿಟ್ಟ. ಸಂಜೆಯ ಬಸ್ಸಿಗೆ ಹೊರಟ.

ಜಾರು ತೊಳೆಯುವುದು ಇನ್ನು ಮುಂದೆ ತಜ್ಞರ ಜವಾಬ್ದಾರಿ ಎಂದು ಅಂದೇ ಮನೆಯಲ್ಲಿ ಆದೇಶವಾಗಿದೆ. ರಾತ್ರಿ ಹತ್ತಕ್ಕೆ ಅದನ್ನು ತೊಳೆದು, ಪದ್ಧತಿಯಂತೆ ಬೀಜದ ತಟ್ಟೆಯನ್ನು ತಾಳೆ ನೋಡಲು ಕೂತೆ. ತಟ್ಟೆಯಲ್ಲಿರುವುದು 21. ಕ್ಯಾಲೆಂಡರಿನಲ್ಲಿ ನಾನು ಬರೆದಿದ್ದ ಎರಡಂಕಿಯಲ್ಲಿ ಮೊದಲನೆಯ 2 ಸ್ಪಷ್ಟವಾಗಿದೆ; ಎರಡನೆಯದರ ಮೇಲೆ ಸಪೋಟ ಹಾರಿ ಒಣಗಿದೆ. ಅದು ಒಂದೂ ಇರಬಹುದು, ಏಳೂ ಇರಬಹುದು.

ಭಾಮೈದನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಇದನ್ನು ಓದಿದ ಕೂಡಲೇ ಅವನು ಮನೆಗೆ ಒಂದು ಕರೆ ಮಾಡಬೇಕಾಗಿ ಕೋರಿಕೆ.